ಪರ್ವದಿನದ ಕೂಟದಲ್ಲಿ ಮಾತಿಗೆ ಮೇರೆ

ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಂಡ ಶ್ರಾವಿಕೆಯರು ಬೆಳಗಿನ ಅಭಿಷೇಕ ಪೂಜೆಗಳು ಮುಗಿದ ಮೇಲೆ ಮನೆಗೆಲಸಕ್ಕೆ ಮರಳದೆ ಒಂದೆಡೆ ಕುಳಿತು ಸ್ವಾಧ್ಯಾಯದಲ್ಲಿ ಹಗಲು ಕಳೆಯುವುದು ಹಿಂದಿನಿಂದ ಬಂದ ರೂಢಿ. ಬಸದಿ ದೂರವಿರುವ ಊರುಗಳಲ್ಲಿ ಇದು ಯಾರಾದರೊಬ್ಬರ ಮನೆಯ ನಡುಮನೆಯಲ್ಲಿ ನಡೆಯುವುದುಂಟು. ಅಂದು ಒಲೆಯ ಕೆಲಸವಿಲ್ಲ, ಕೂಗಿ ಕರೆಯುವವರಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಓದು ನಿಧಾನವಾಗುತ್ತದೆ. ಒಬ್ಬಾಕೆ ನಿಟ್ಟುಸಿರು ಬಿಡುತ್ತಾಳೆ, ಪಕ್ಕದಾಕೆ “ಏನಾಯ್ತಕ್ಕ?” ಎನ್ನುತ್ತಾಳೆ. ಅಲ್ಲಿಗೆ ಗ್ರಂಥ ಮುಚ್ಚಿಕೊಳ್ಳುತ್ತದೆ, ಮನೆಗಳು ತೆರೆದುಕೊಳ್ಳುತ್ತವೆ. ಮಗನ ಸಾಲ, ಕುಡಿತಕ್ಕೆ ಬಿದ್ದ ಅಳಿಯ, ಪಾಲಾಗದೆ ಉಳಿದ ಜಮೀನು, ಸೊಸೆಯ ಮೌನ, ಅತ್ತೆಯ ಮಾತು, ಮದುವೆ ನಿಂತುಹೋದ ಮಗಳು, ಇವೆಲ್ಲ ಒಂದೊಂದಾಗಿ ಹೊರಬರುತ್ತವೆ.

ಇಂಥ ಕೂಟದಲ್ಲಿ ಹಿರಿಯರಾಗಿ ಕುಳಿತವರಿಗೆ ಅಂದು ಎದುರಾಗುವ ಪ್ರಶ್ನೆ ಸಾಮಾನ್ಯವಾದುದಲ್ಲ. ಈ ಮಾತನ್ನು ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು? ಕೆಲವರು ಮೊದಲ ನಿಟ್ಟುಸಿರಿಗೇ “ಇವತ್ತು ಪರ್ವ, ಸಂಸಾರದ ಸುದ್ದಿ ಬೇಡ” ಎಂದು ಬಾಯಿ ಮುಚ್ಚಿಸುತ್ತಾರೆ. ಮುಂದಿನ ಚತುರ್ದಶಿಗೆ ಆ ಶ್ರಾವಿಕೆ ಬರುವುದೇ ಇಲ್ಲ. ಬಂದರೂ ಗೋಡೆಗೆ ಒರಗಿ ಸುಮ್ಮನೆ ಕುಳಿತಿರುತ್ತಾಳೆ. ಮತ್ತೆ ಕೆಲವರು ಏನನ್ನೂ ತಡೆಯುವುದಿಲ್ಲ. ಒಬ್ಬಳ ಅಳಲಿಗೆ ನಾಲ್ವರ ದೂರು ಕೂಡಿಕೊಂಡು, ಸಂಜೆಯ ಸಾಮಾಯಿಕದ ವೇಳೆಗೆ ಉಪವಾಸದಿಂದ ಹಗುರವಾಗಬೇಕಾದ ಮನಸ್ಸುಗಳು ಬಂದಾಗಿನದಕ್ಕಿಂತ ಭಾರವಾಗಿರುತ್ತವೆ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಇಳಿಸಲು ನೀರುಗಂಟಿ ಎಂಬುವನೊಬ್ಬನಿರುತ್ತಿದ್ದ. ತೂಬನ್ನೇ ಎತ್ತದ ನೀರುಗಂಟಿಯಿಂದ ಗದ್ದೆಗೂ ಪ್ರಯೋಜನವಿಲ್ಲ, ಏರಿಗೂ ಕ್ಷೇಮವಿಲ್ಲ; ಎತ್ತಿಟ್ಟು ಮಲಗಿದವನಿಂದ ಕೆಳಗಿನ ಪೈರು ಕೊಚ್ಚಿಹೋಗುತ್ತದೆ. ಆದರೆ ಈ ಉಪಮೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ. ನೀರಿಗೆ ಅಳತೆಯೊಂದೇ ಸಾಕು. ಮಾತಿನಲ್ಲಿ ಅದು ಯಾರದು, ಯಾರ ಕುರಿತಾದದ್ದು, ಯಾರ ಕಿವಿಗೆ ಬಿತ್ತು ಎಂಬುದನ್ನೂ ನೋಡಬೇಕಾಗುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಶ್ರವಣಬೆಳಗೊಳ, ಮೂಡುಬಿದಿರೆಗಳಲ್ಲಿರುವಂತೆ ಇಲ್ಲಿ ಜೈನರ ದೊಡ್ಡ ಕೇರಿಗಳಿಲ್ಲ, ಮನೆಗಳು ಚದುರಿಕೊಂಡಿವೆ. 1956ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನಲ್ಲಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎರಡೂ ಅದರೊಳಗೆ ಬಂದವು. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಗಡಿಗಳು ಹೀಗೆ ಬದಲಾದರೂ ಮದುವೆಯ ಸಂಬಂಧಗಳು ಕೆಲವೇ ಮನೆಗಳ ನಡುವೆ ಸುತ್ತುತ್ತವೆ. ಹೆಸರು ಹೇಳದೆ “ಒಂದು ಮನೆಯಲ್ಲಿ ಹೀಗಾಯಿತಂತೆ” ಎಂದರೂ ಸಾಕು, ಯಾವ ಮನೆ ಎಂಬುದು ಕೇಳಿದವರಿಗೆ ತಿಳಿದುಹೋಗುತ್ತದೆ. ದೊಡ್ಡ ಊರಿನಲ್ಲಿ ಮಾತು ಜನಸಂದಣಿಯಲ್ಲಿ ಕರಗೀತು. ಇಲ್ಲಿ ಅದು ಕರಗುವುದಿಲ್ಲ. ಹತ್ತು ವರ್ಷಗಳ ಮೇಲೆ ಹೆಣ್ಣು ಕೇಳಲು ಬಂದವರ ಕಿವಿಗೆ ಬೀಳುತ್ತದೆ.

ಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಮೇಲುನೋಟಕ್ಕೆ ಅದು ಬಾಯಿ ಮುಚ್ಚಿಸುವವರ ಪಕ್ಷದಲ್ಲಿರುವಂತೆ ಕಾಣುತ್ತದೆ. ವಿಕಥೆಗಳು ವರ್ಜ್ಯ. ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಮೌಖರ್ಯ, ಅಂದರೆ ಹುರುಳಿಲ್ಲದ ಬಾಯಾಳಿತನವೂ ಒಂದು. ಅದಕ್ಕಿಂತ ಮುಖ್ಯವಾದುದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಲ್ಲಿ ಉಮಾಸ್ವಾಮಿಗಳು ದುಃಖ, ಶೋಕ, ತಾಪ, ಆಕ್ರಂದನ, ವಧೆಗಳೊಡನೆ ಪರಿದೇವನವನ್ನೂ ಸೇರಿಸಿದ್ದಾರೆ. ಕೇಳಿದವರ ಕರುಳು ಕರಗುವಂತೆ ತನ್ನ ಸಂಕಟವನ್ನು ಹೇಳಿ ಗೋಳಾಡುವುದೇ ಪರಿದೇವನ. ಅದು ತನ್ನಲ್ಲಿರಲಿ, ಪರರಲ್ಲಿ ಹುಟ್ಟಿಸಿದ್ದಾಗಿರಲಿ, ಇಬ್ಬರಲ್ಲೂ ಇರಲಿ, ಮುಂದೆ ಮತ್ತೆ ದುಃಖವನ್ನೇ ತರುವ ಕರ್ಮಕ್ಕೆ ಬಾಗಿಲಾಗುತ್ತದೆ.

ಇದನ್ನು ಓದಿದ ಕೂಡಲೇ ಅತ್ತವಳಿಗೆ “ನೀನು ಕರ್ಮ ಕಟ್ಟಿಕೊಳ್ಳುತ್ತಿದ್ದೀಯೆ” ಎಂದು ಹೇಳಲು ಹೊರಟರೆ ಅರ್ಧ ಓದಿದಂತಾಯಿತು. ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿಯಲ್ಲಿ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರು ಈ ಸೀಮೆಗೆ ದೂರದವರಲ್ಲ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯನ್ನು ಅವರ ತಪೋಭೂಮಿಯೆಂದು ಪರಂಪರೆ ನೆನೆಯುತ್ತದೆ. ಅವರು ಅಲ್ಲಿ ಒಂದು ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ: ದುಃಖ ಕೊಡುವುದು ಅಸಾತಕ್ಕೆ ಕಾರಣವಾದರೆ ಕೇಶಲೋಚ, ಉಪವಾಸಗಳನ್ನು ಜಿನಮಾರ್ಗವು ಹೇಗೆ ವಿಧಿಸುತ್ತದೆ? ಅದಕ್ಕೆ ಅವರು ಕೊಡುವ ದೃಷ್ಟಾಂತ ವೈದ್ಯನದು. ಕರುಣೆಯಿಂದ ವ್ರಣವನ್ನು ಸೀಳುವ ವೈದ್ಯ ನೋವು ಕೊಟ್ಟರೂ ಅವನಿಗೆ ಪಾಪಬಂಧವಿಲ್ಲ. ಅವನಲ್ಲಿ ಕ್ರೋಧಾದಿಗಳ ಆವೇಶವಿಲ್ಲ. ಹೊರಗೆ ಕಾಣುವ ನೋವು ನಿರ್ಣಾಯಕವಲ್ಲ, ಒಳಗಿನ ಕಷಾಯವೇ ನಿರ್ಣಾಯಕ. ಇದೇ ಅಳತೆಗೋಲನ್ನು ಕಣ್ಣೀರಿಗೂ ಹಿಡಿಯಬೇಡವೆ? ವ್ರಣದಿಂದ ಕೀವು ಹೊರಬೀಳುವಾಗಲೂ ನೋವುಂಟು, ಗಾಯವನ್ನು ಮತ್ತೆ ಮತ್ತೆ ಕೆರೆದುಕೊಳ್ಳುವಾಗಲೂ ನೋವುಂಟು. ಎರಡರ ಕೂಗೂ ಕಿವಿಗೆ ಒಂದೇ. ಮೊದಲ ಸಲ ಹೇಳಿಕೊಳ್ಳುವವಳನ್ನೂ, ಅದೇ ಮಾತನ್ನು ಇಪ್ಪತ್ತನೆಯ ಸಲ ಹೊಸ ಉಪ್ಪುಖಾರದೊಡನೆ ಹೇಳುವವಳನ್ನೂ ಒಂದೇ ತೆರನಾಗಿ ತಡೆಯುವ ಹಿರಿಯರಿಗೆ ವೈದ್ಯನ ಕಣ್ಣಿಲ್ಲವೆಂದೇ ಹೇಳಬೇಕಾಗುತ್ತದೆ.

ಕೇಳುವವರು ಹೇಗಿರಬೇಕೆಂಬುದನ್ನು ಶಿವಾರ್ಯರ ಭಗವತೀ ಆರಾಧನೆಯಷ್ಟು ಬಿಡಿಸಿ ಹೇಳಿದ ಗ್ರಂಥ ವಿರಳ. ಕನ್ನಡಿಗರಿಗೆ ಇದು ಪರಕೀಯವಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಆ ಗ್ರಂಥದ ಗಾಹೆಗಳಿಗೆ ಬೆಳೆದ ಕಥೆಗಳು. ಕ್ಷಪಕನ ಆಲೋಚನೆಯನ್ನು ಕೇಳಿ ಅವನನ್ನು ದಡ ಸೇರಿಸುವ ಆಚಾರ್ಯರಿಗೆ ಅಲ್ಲಿ ಎಂಟು ಗುಣಗಳನ್ನು ಹೇಳಿದೆ. ಅವುಗಳಲ್ಲಿ ಎರಡನ್ನು ಜೊತೆಯಾಗಿ ಓದಬೇಕು. ಒಂದು, ಅವಪೀಡಕ ಗುಣ. ಒಳಗೆ ಅಡಗಿಸಿಟ್ಟ ಶಲ್ಯವನ್ನು ಒತ್ತಿ ಹೊರಡಿಸಬಲ್ಲ ಸಾಮರ್ಥ್ಯವಿದು. ಇನ್ನೊಂದು, ಅಪರಿಸ್ರಾವಿ ಗುಣ. ಕಾದ ಕಬ್ಬಿಣ ಕುಡಿದ ನೀರು ಹೇಗೆ ಹೊರಗೆ ಕಾಣಿಸದೋ ಹಾಗೆ ಕೇಳಿದ್ದನ್ನು ಒಳಗೇ ಇಂಗಿಸಿಕೊಳ್ಳುವುದು. ಹೊರಡಿಸುವ ಅಧಿಕಾರ ಇಂಗಿಸಿಕೊಳ್ಳಬಲ್ಲವರಿಗೆ ಮಾತ್ರ. ಕೂಟಗಳು ಕೆಡುವುದು ಬಹುಮಟ್ಟಿಗೆ ಈ ಜೋಡಿ ಒಡೆದಾಗ. ಬಿಡಿಸಿ ಕೇಳುವ ಚಾತುರ್ಯ ಹಲವರಿಗುಂಟು. ಇಂಗಿಸಿಕೊಳ್ಳುವ ಕಾವು ಕೆಲವರಿಗೂ ಇಲ್ಲ.

ಆಲೋಚನೆಯೆಂಬುದು ತನ್ನ ದೋಷವನ್ನು ಗುರುವಿನ ಮುಂದೆ ಹೇಳಿಕೊಳ್ಳುವುದು, ಮನೆಯ ಕಷ್ಟ ಹೇಳಿಕೊಳ್ಳುವುದು ಆಲೋಚನೆಯಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೆ ಗೃಹಸ್ಥರ ಬದುಕಿನಲ್ಲಿ ಇವೆರಡೂ ಬೇರೆಬೇರೆಯಾಗಿ ಹೊರಡುವುದಿಲ್ಲ. ಸೊಸೆಯನ್ನು ದೂರುತ್ತ ಆರಂಭಿಸಿದಾಕೆ ಎಲ್ಲೋ ಒಂದೆಡೆ ತಡೆದು, “ನಾನೂ ಆವತ್ತು ಆ ಮಾತು ಆಡಬಾರದಿತ್ತು” ಎನ್ನುತ್ತಾಳೆ. ದೂರು ಆಲೋಚನೆಯಾಗಿ ತಿರುಗುವ ಕ್ಷಣವದು. ಮೊದಲಿಗೇ ಬಾಯಿ ಮುಚ್ಚಿಸಿದ್ದರೆ ಆ ಕ್ಷಣ ಬರುತ್ತಲೇ ಇರಲಿಲ್ಲ. ಸುತ್ತ ಕುಳಿತವರು “ನಿನ್ನದೇನು ತಪ್ಪು, ಅವಳೇ ಹಾಗೆ” ಎಂದು ಒತ್ತಾಸೆ ಕೊಟ್ಟಿದ್ದರೂ ಬರುತ್ತಿರಲಿಲ್ಲ. ಆಲೋಚನೆಯ ಹತ್ತು ದೋಷಗಳಲ್ಲಿ ತತ್ಸೇವಿ ಎಂಬುದೊಂದು ಇದೆ: ಅದೇ ದೋಷವುಳ್ಳವರ ಮುಂದೆ ಹೋಗಿ ಹೇಳಿಕೊಳ್ಳುವುದು. ಸೊಸೆಯೊಡನೆ ಕಾದಾಡುವವಳು ಸೊಸೆಯೊಡನೆ ಕಾದಾಡುವವಳನ್ನೇ ಹುಡುಕಿ ಹೇಳಿಕೊಂಡರೆ ಇಬ್ಬರಿಗೂ ಹಿತವಾಗಿರುತ್ತದೆ, ಇಬ್ಬರ ಗಂಟೂ ಬಿಗಿಯುತ್ತದೆ. ಶಬ್ದಾಕುಲಿತವೆಂಬುದು ಇನ್ನೊಂದು, ಗದ್ದಲದ ನಡುವೆ ಹೇಳುವುದು. ಬಹುಜನವೆಂಬುದು ಮತ್ತೊಂದು, ಒಬ್ಬ ಆಚಾರ್ಯರು ಹೇಳಿದ್ದು ಸಾಲದೆ ಹಲವರನ್ನು ಕೇಳುತ್ತ ಹೋಗುವುದು. ಮುನಿಸಂಘದ ಏಕಾಂತವನ್ನು ಉದ್ದೇಶಿಸಿ ಹೇಳಿದ ಈ ಮಾತುಗಳು ನಡುಮನೆಯ ಚಾಪೆಗೂ ಹೊಂದುವುದನ್ನು ಕಂಡರೆ ಆಶ್ಚರ್ಯವೆನಿಸುತ್ತದೆ.

ಹೀಗಿರುವಾಗ ತಡೆ ಬೀಳಬೇಕಾದುದು ಹೆಚ್ಚಾಗಿ ಕೇಳುವವರ ಬಾಯಿಗೆ, ಹೇಳುವವಳ ಬಾಯಿಗಲ್ಲ. ಕೂಟಗಳ ರೂಢಿ ಇದಕ್ಕೆ ತಿರುಗುಮುರುಗಾಗಿದೆ. ಅತ್ತವಳಿಗೆ ಉಪದೇಶ, ಕೇಳಿ ಊರಿಗೆ ಹಂಚಿದವಳಿಗೆ ಏನೂ ಇಲ್ಲ! ಸತ್ಯಾಣುವ್ರತದ ಅತಿಚಾರಗಳನ್ನು ನೆನೆದರೆ ಈ ಅನ್ಯಾಯ ಕಣ್ಣಿಗೆ ಕಟ್ಟುತ್ತದೆ. ರಹಸ್ಯದಲ್ಲಿ ನಡೆದುದನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಮುಖಚರ್ಯೆಯಿಂದ ಪರರ ಮನಸ್ಸಿನಲ್ಲಿದ್ದುದನ್ನು ಊಹಿಸಿ ಹೊರಹಾಕುವುದು ಸಾಕಾರಮಂತ್ರಭೇದ. ಸಮಂತಭದ್ರರು ರತ್ನಕರಂಡಕದಲ್ಲಿ ಚಾಡಿಯನ್ನೂ, ಪೈಶುನ್ಯವೆಂಬ ಹೆಸರಿನಿಂದ, ಇದೇ ಪಟ್ಟಿಗೆ ಸೇರಿಸಿದ್ದಾರೆ. ಇವುಗಳಲ್ಲಿ ಯಾವುದಕ್ಕೂ ಸುಳ್ಳು ಹೇಳಿರಬೇಕೆಂಬ ನಿಯಮವಿಲ್ಲ. “ಇದ್ದದ್ದನ್ನೇ ಹೇಳಿದೆ” ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಚಾಪೆಯ ಮೇಲೆ ಕೇಳಿದ್ದನ್ನು ಸಂತೆಯಲ್ಲಿ ಹೇಳಿದ ಶ್ರಾವಿಕೆ ಅಂದು ಹದಿನಾರು ಜಾವ ಹಸಿದಿದ್ದರೂ ಅವಳ ಅಣುವ್ರತಕ್ಕೆ ಮಲ ತಗುಲಿದಂತೆಯೇ.

ಹೇಳುವವಳ ಮಾತಿಗೆ ಮಿತಿಯೇ ಬೇಡವೆಂದಲ್ಲ. ತನ್ನ ನೋವನ್ನು ಅವಳು ಎಷ್ಟು ಬೇಕಾದರೂ ಹೇಳಲಿ. ಎದುರಿಲ್ಲದ ವ್ಯಕ್ತಿಯ ಗುಟ್ಟಿಗೆ ಮಾತು ಹೊರಳಿದಾಗ ಹಿರಿಯರು ಮೆಲ್ಲನೆ ಅವಳನ್ನು ಅವಳ ಕಡೆಗೇ ತಿರುಗಿಸಬೇಕು. “ಅವಳ ವಿಚಾರ ಇರಲಿ ತಾಯಿ, ನಿನಗೇನಾಯ್ತು ಅದನ್ನು ಹೇಳು” ಎಂಬಷ್ಟು ಸಾಕು. ಸೊಸೆ ಅಲ್ಲಿ ಕುಳಿತಿಲ್ಲ, ಅವಳ ಕಡೆಯ ಮಾತು ಕೇಳಿಸುತ್ತಿಲ್ಲ ಎಂಬುದನ್ನು ಯಾರಾದರೊಬ್ಬರು ನೆನಪಿಟ್ಟುಕೊಂಡಿರಬೇಕಲ್ಲ. ಇನ್ನು ಸ್ವಂತ ಅಳಲಿನ ಹಕ್ಕಿನ ವಿಷಯದಲ್ಲಿ ಯಳಂದೂರಿನವರಿಗೆ ಹೊರಗಿನ ಪಾಠ ಬೇಕಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ಊರಿನ ಸಂಚಿಯ ಹೊನ್ನಮ್ಮ ಹದಿಬದೆಯ ಧರ್ಮವನ್ನು ಬರೆದಳು. ಪತಿವ್ರತೆಯ ಕರ್ತವ್ಯಗಳನ್ನು ಹೇಳುವುದಕ್ಕೆ ಹೊರಟ ಆ ಸಾಂಗತ್ಯ ಕಾವ್ಯದ ನಡುವೆಯೇ ಹೆಣ್ಣೆಂದು ಹೀಗಳೆಯುವವರನ್ನು ಅವಳು ನೇರವಾಗಿ ಪ್ರಶ್ನಿಸಿದ್ದಾಳೆ. ಮೂರು ಶತಮಾನ ಕಳೆದರೂ ಜನರ ನಾಲಗೆಯಲ್ಲಿ ಉಳಿದದ್ದು ಆ ಪ್ರಶ್ನೆಯೇ.

ಎಲ್ಲ ದೂರುಗಳೂ ಚಾಪೆಯ ಮೇಲೆಯೇ ಕರಗತಕ್ಕವಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಕೋವಿಡ್ ರೋಗಿಗಳು ಪ್ರಾಣ ಬಿಟ್ಟರು. ಒಂದು ದಿನದೊಳಗೆ ಸತ್ತವರು 24 ಮಂದಿ ಎಂದು ಮೊದಲು ಪ್ರಕಟವಾಯಿತು. ಉಚ್ಚ ನ್ಯಾಯಾಲಯವು ಸಮಿತಿಯೊಂದನ್ನು ನೇಮಿಸಿ ವಿಚಾರಣೆ ನಡೆಸಿತು. ಆ ಮನೆಗಳವರು ಎಲ್ಲಿ ಕುಳಿತು ಎದೆ ಬಡಿದುಕೊಂಡರೂ ಅದಕ್ಕೆ ಮೇರೆ ಹಾಕುವ ಅಧಿಕಾರ ಯಾರಿಗಿದೆ? “ಕರ್ಮಫಲ, ಸಹಿಸು” ಎಂಬ ಮಾತು ಸಿದ್ಧಾಂತದ ದೃಷ್ಟಿಯಿಂದ ತಪ್ಪಲ್ಲದಿರಬಹುದು. ಅದು ತನಗೆ ತಾನು ಹೇಳಿಕೊಳ್ಳತಕ್ಕ ಮಾತು. ಮತ್ತೊಬ್ಬರಿಗೆ ಹೇಳಿದರೆ ಅದು ನಿಷ್ಠುರತೆ. ತಪ್ಪು ನಡೆದಿದ್ದರೆ ಅದನ್ನು ವಿಚಾರಿಸುವವರ ಮುಂದೆ ಇಡುವುದು ಪರನಿಂದೆಯಾಗುವುದಿಲ್ಲ.

ಮನೆಯೊಳಗಿನ ಹೊಡೆತಕ್ಕೂ ಇದೇ ಮಾತು. ಗಂಡನ ಕೈಯಿಂದ ಪೆಟ್ಟು ತಿಂದು ಬಂದವಳಿಗೆ ಕ್ಷಮಾವಣಿಯ ನೆಪ ಹೇಳಿ “ಇವತ್ತು ಎಲ್ಲ ಮರೆತುಬಿಡು” ಎನ್ನುವುದು ದಶಲಕ್ಷಣ ಪರ್ವಕ್ಕೆ ಮಾಡುವ ಅಪಚಾರ. ಉತ್ತಮ ಕ್ಷಮೆಯೆಂಬುದು ಪ್ರತೀಕಾರ ಮಾಡಬಲ್ಲವನು ಕ್ರೋಧವನ್ನು ಬಿಡುವುದು. ಬೇರೆ ದಾರಿ ಕಾಣದವಳಿಂದ ಸುತ್ತಲಿನವರು ಕಿತ್ತುಕೊಂಡ ಮೌನಕ್ಕೆ ಆ ಹೆಸರು ಸಲ್ಲದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ 2005ರ ಕಾನೂನಿದೆ, 181 ಎಂಬ ಸಹಾಯವಾಣಿ ಇದೆ. ಅಪರಿಸ್ರಾವಿ ಗುಣವನ್ನು ಇಲ್ಲಿ ಅಡ್ಡ ತರಬಾರದು. ಅವಳ ಒಪ್ಪಿಗೆ ಪಡೆದು, ಅವಳ ಜೊತೆಯಲ್ಲೇ ಹೋಗಿ ನಿಲ್ಲುವುದು ಗುಟ್ಟು ಸೋರಿಸಿದಂತಲ್ಲ.

ವ್ರತದ ಕೂಟದಲ್ಲಿ ಎಲ್ಲಕ್ಕಿಂತ ಎಚ್ಚರವಾಗಿ ಕೇಳಬೇಕಾದ ಮಾತು ಇನ್ನೊಂದಿದೆ. ಅದು ಬಹಳ ಮೆತ್ತಗೆ ಬರುತ್ತದೆ. ಪಾರಣೆಯ ಬೆಳಗ್ಗೆ ಒಬ್ಬಾಕೆ ಎಲೆಯ ಮುಂದೆ ಕೂರುವುದಿಲ್ಲವೆಂದು ಭಾವಿಸೋಣ. “ಇನ್ನೂ ಎರಡು ದಿನ ಹೀಗೇ ಇರ್ತೀನಿ ದೊಡ್ಡಮ್ಮ, ಹಸಿವಾಗ್ತಾ ಇಲ್ಲ” ಎನ್ನುತ್ತಾಳೆ. ಸುತ್ತಲಿನವರು ಕೈಮುಗಿಯುತ್ತಾರೆ, ಎಂಥ ವೈರಾಗ್ಯ ಎನ್ನುತ್ತಾರೆ. ಎರಡು ದಿನ ಕಳೆದ ಮೇಲೆ ಮತ್ತೆರಡು ದಿನ. ಪುಣ್ಯಕ್ಕೆ ದೊಡ್ಡಮ್ಮ ಕೈಮುಗಿಯದೆ ಪಕ್ಕಕ್ಕೆ ಕರೆದು, “ಇದು ಯಾರ ಮೇಲಿನ ಮುನಿಸು ಮಗಳೇ?” ಎಂದು ಕೇಳಿದರೆನ್ನಿ. ಆಗ ಹೊರಬೀಳುವುದು ಬೇರೆ: “ಇದ್ದು ಯಾರಿಗೇನು? ಹೀಗೇ ಹೋಗಿಬಿಟ್ಟರೆ ವ್ರತದಲ್ಲಿ ಹೋದಳು ಅಂತಾರೆ, ಇನ್ನೇನೂ ಅನ್ನಲ್ಲ.”

ಇದು ಉಪವಾಸವಲ್ಲ. ಆರ್ತಧ್ಯಾನ ವ್ರತದ ಸೀರೆ ಉಟ್ಟುಕೊಂಡು ಬಂದಿದೆ. ಸಲ್ಲೇಖನದ ಹೆಸರನ್ನು ಇದರ ಹತ್ತಿರಕ್ಕೂ ತರಬಾರದು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಮಂತಭದ್ರರು ಅದನ್ನು ಹೇಳಿದ್ದಾರೆ. ಅಂಥ ಸಲ್ಲೇಖನದಲ್ಲಿಯೂ ಬೇಗ ಸಾವು ಬರಲೆಂದು ಬಯಸುವುದು, ಮರಣಾಶಂಸೆ, ಒಂದು ಅತಿಚಾರ. ಸಾವಿನ ಬಯಕೆ ಅಂತ್ಯಕಾಲದ ವ್ರತವನ್ನೇ ಕೆಡಿಸುವುದಾದರೆ ನಡುವಯಸ್ಸಿನ, ಮಕ್ಕಳಿರುವ, ಆರೋಗ್ಯವಂತೆಯಾದ ಗೃಹಿಣಿಯ ಉಪವಾಸವನ್ನು ಏನೆಂದು ಕರೆಯಬೇಕು? 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನಾದ ಅಪರಾಧವೆಂದು ಹೇಳಿದಾಗ ಸಮಾಜವೆಲ್ಲ ಬೀದಿಗಿಳಿಯಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಎರಡಕ್ಕೂ ಅಜಗಜಾಂತರವಿದೆ ಎಂದು ನ್ಯಾಯಾಲಯದಲ್ಲಿ ವಾದಿಸಿದ ಸಮಾಜ ಆ ಅಂತರವನ್ನು ಮೊದಲು ತನ್ನ ನಡುಮನೆಯಲ್ಲಿ ಗುರುತಿಸಬೇಕು.

“ನೇಮ ಮುರಿದರೆ ಪಾಪವಲ್ಲವೇ ದೊಡ್ಡಮ್ಮ?” ಎಂದು ಆಕೆ ಕೇಳಿಯೇ ಕೇಳುತ್ತಾಳೆ. ಅವಳು ಕೈಕೊಂಡ ನೇಮ ಹದಿನಾರು ಜಾವದ್ದು. ಅದು ಪಾರಣೆಯ ಹೊತ್ತಿಗೆ ಪೂರ್ಣವಾಯಿತು. ಗುರುಸಾಕ್ಷಿಯಿಲ್ಲದೆ, ಮುನಿಸಿನಿಂದ ಎಳೆದುಕೊಂಡು ಹೋದ ದಿನಗಳು ವ್ರತದ ಲೆಕ್ಕಕ್ಕೆ ಸೇರುವುದಿಲ್ಲ. ಮುರಿಯಲು ಅಲ್ಲಿ ವ್ರತವೇ ಇಲ್ಲ. ಇದನ್ನು ಹೇಳಿ ಶೋಧಿಸಿದ ನೀರು ಕೊಡಬೇಕು. ಹಲವು ದಿನ ಹಸಿದ ಒಡಲಿಗೆ ಒಮ್ಮೆಗೇ ತುಂಬು ಊಟ ಅಪಾಯಕಾರಿ. ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವಾಗಿ ಆಹಾರ ಕೊಡಬೇಕು. ಆ ರಾತ್ರಿ ಅವಳನ್ನು ಒಂಟಿಯಾಗಿ ಬಿಡಬಾರದು. ಮನಸ್ಸಿನ ಬಳಲಿಕೆಗೂ ಚಿಕಿತ್ಸೆಯುಂಟು. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯಿದೆ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು. ಅವಳು “ಯಾರಿಗೂ ಹೇಳಬೇಡಿ” ಎಂದು ಆಣೆ ಹಾಕಿದರೂ, ಅವಳ ಜೀವಕ್ಕೆ ಹೊಣೆಯಾಗಬಲ್ಲ ಒಬ್ಬರಿಗೆ ಹೇಳಲೇಬೇಕು. ಆದರೆ ಒಬ್ಬರಿಗೆ ಮಾತ್ರ, ಅದೂ ಅಗತ್ಯವಿದ್ದಷ್ಟು. ಚಾಪೆಯ ಮೇಲಿದ್ದ ಎಲ್ಲರಿಗೂ ತಿಳಿಯಬೇಕಾದ್ದಿಲ್ಲ. ಮಾತು ಕೇಳಿಸಿಕೊಳ್ಳದ ಕೂಟದಲ್ಲಿ ಈಕೆಯ ಮಾತು ಹೊರಡುತ್ತಲೇ ಇರಲಿಲ್ಲ; ಮಾತಿಗೆ ಹಿಡಿತವೇ ಇಲ್ಲದ ಕೂಟದಲ್ಲಿ ನಾಲ್ಕು ಜನರ ಅಳಲಿನ ನಡುವೆ ಅದು ಮುಳುಗಿಹೋಗುತ್ತಿತ್ತು.

ವ್ಯವಸ್ಥೆಯ ಸಣ್ಣಪುಟ್ಟ ಅಂಶಗಳಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮೊಬೈಲುಗಳನ್ನು ಹೊರಗಿನ ಜಗುಲಿಯಲ್ಲಿಟ್ಟು ಬರುವುದು ಒಳ್ಳೆಯದು. ಸ್ವಾಧ್ಯಾಯ ಪೂರ್ತಿ ಮುಗಿದ ಮೇಲೆ ಒಂದು ಹೊತ್ತನ್ನು ಹೇಳಿಕೊಳ್ಳುವುದಕ್ಕೆಂದೇ ಇಟ್ಟರೆ ಗ್ರಂಥಕ್ಕೂ ಗೌರವ, ಮಾತಿಗೂ ಗೌರವ. ಅತ್ತೆಯೂ ಸೊಸೆಯೂ ಒಂದೇ ಕೂಟಕ್ಕೆ ಬರುವ ಮನೆಯಾದರೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವ ಜಾಣ್ಮೆ ಹಿರಿಯರಿಗಿರಬೇಕು.

ಉಳಿದಿರುವುದು ಹಿರಿಯರ ಮಾತೇ. ಹತ್ತು ಮನೆಗಳ ದುಃಖವನ್ನು ಇಂಗಿಸಿಕೊಂಡವರು ಅದನ್ನು ಎಲ್ಲಿ ಇಳಿಸಬೇಕು? ಅವರ ನಿದ್ದೆಯೂ ಕೆಡುತ್ತದೆ. ಎದುರಿಗೆ ಸಿಕ್ಕ ಅಳಿಯನ ಮುಖ ನೋಡಿದರೆ ಅವರಲ್ಲಿಯೂ ದ್ವೇಷ ಏಳುತ್ತದೆ. ಸಂಜೆಯ ಪ್ರತಿಕ್ರಮಣದಲ್ಲಿ ಅವರು ನೋಡಿಕೊಳ್ಳಬೇಕಾದುದು ಈ ದ್ವೇಷವನ್ನು, ಎಲ್ಲರ ಗುಟ್ಟೂ ತನಗೆ ಗೊತ್ತೆಂಬ ಸಣ್ಣ ಮಾನಕಷಾಯವನ್ನು. ಚಾತುರ್ಮಾಸದಲ್ಲಿ ಸಮೀಪದಲ್ಲೆಲ್ಲಾದರೂ ಮುನಿಗಳೋ ಆರ್ಯಿಕೆಯರೋ ನೆಲೆಸಿದ್ದರೆ ವರ್ಷಕ್ಕೊಮ್ಮೆಯಾದರೂ ಹೋಗಿ, ಯಾವ ಮನೆಯ ಹೆಸರನ್ನೂ ಎತ್ತದೆ, ತನ್ನ ಮನಸ್ಸಿಗೆ ಆದುದನ್ನಷ್ಟೇ ಹೇಳಿಕೊಂಡು ಪ್ರಾಯಶ್ಚಿತ್ತ ಪಡೆದು ಬರಬಹುದು. ಅದಾದ ಮೇಲೂ ಭಾರ ಇಳಿಯದಿದ್ದರೆ ಒಂದೆರಡು ಪರ್ವಗಳ ಮಟ್ಟಿಗೆ ಆ ಸ್ಥಾನವನ್ನು ಮತ್ತೊಬ್ಬರಿಗೆ ಬಿಟ್ಟುಕೊಟ್ಟು, ತಾವು ಎಲ್ಲರ ನಡುವೆ ಚಾಪೆಯ ಮೇಲೆ ಕುಳಿತು ಓದು ಕೇಳುವುದರಲ್ಲಿ ಕುಂದೇನೂ ಇಲ್ಲ.